ಪ್ಲೇನ್ ಬಯಲಿನ ಗಂಟು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಅಂದರೆ ಸಿಟ್ಟಲ್ಲ, ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಕಳಸದ ಕಡೆಯ ನನ್ನ ಭಾವನೊಬ್ಬ ಒಮ್ಮೆ ನಮ್ಮ ಜಗಲಿಯಲ್ಲಿ ಕೂತು, ಎಂದೋ ತೀರಿಕೊಂಡ ತನ್ನ ಚಿಕ್ಕಪ್ಪ ರಸ್ತೆ ಬದಿಯಲ್ಲಿ ನಿಂತಿದ್ದನ್ನು ಹೊರನಾಡಿನಿಂದ ಬರುವಾಗ ಕಂಡೆ ಎಂದು ಶುರುಮಾಡಿದ. ಚಿಕ್ಕಪ್ಪ ಯಾವ ಅಂಗಿ ಹಾಕಿದ್ದರು, ಜೀಪಿನ ಲೈಟು ಸರಿಯಾಗಿತ್ತೋ ಇಲ್ಲವೋ, ಇವನು ಹೊರಟಿದ್ದು ಊಟಕ್ಕೆ ಮೊದಲೋ ಆಮೇಲೋ ಎಂದು ನಾನು ಕೇಳುತ್ತಾ ಹೋದೆ. ಪಾಪ, ಅವನು ಅರ್ಧ ಕಾಫಿ ಬಿಟ್ಟು ಎದ್ದುಬಿಟ್ಟ. "ನಿನ್ ಹತ್ರ ಮಾತಾಡದೂ ಒಂದೇ, ಕೋರ್ಟಲ್ಲಿ ನಿಲ್ಲದೂ ಒಂದೇ ಮಾರಾಯ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಗುವವರು ನಗಬಹುದು, ನನ್ನದೇನೂ ಅಭ್ಯಂತರವಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಅದರ ಅರ್ಥ ನೀವೇ ನೋಡಿಕೊಳ್ಳಿ.

ಮೊದಲು ಆ ಬಯಲಿನ ವಿಷಯ ಹೇಳಬೇಕು. ನಮ್ಮ ಕಡೆ ಮಟ್ಟಸವಾದ ನೆಲ ಅನ್ನುವುದೇ ಅಪರೂಪ. ಮನೆಯಿಂದ ಕೊಟ್ಟಿಗೆಗೆ ಹೋಗಬೇಕಾದರೂ ನಾಲ್ಕು ಮೆಟ್ಟಿಲು ಇಳಿಯಬೇಕು. ಅಂಥದ್ದರಲ್ಲಿ ಚಿಕ್ಕಮಗಳೂರಿಗೂ ಮೂಡಿಗೆರೆಗೂ ನಡುವೆ, ಗುಡ್ಡವೊಂದರ ನೆತ್ತಿಯನ್ನು ಸವರಿ, ಬ್ರಿಟಿಷ್ ದೊರೆಗಳ ಕಾಲದಲ್ಲಿ ಯಾರೋ ದೊಡ್ಡ ಪ್ಲಾಂಟರುಗಳು ಸೇರಿ ವಿಮಾನ ಇಳಿಯಲು ಉದ್ದನೆಯ ನೆಲ ಮಾಡಿಸಿದ್ದರು. ನಮ್ಮವರ ಬಾಯಲ್ಲಿ ಅದು ಪ್ಲೇನ್ ಬಯಲು. ನಾನು ಚಿಕ್ಕವನಿದ್ದಾಗಲೂ ವರ್ಷಕ್ಕೆ ಎರಡು ಮೂರು ಸಲ ಹಳದಿ ಬಣ್ಣದ ಪುಟ್ಟ ವಿಮಾನವೊಂದು ಬಂದು ಇಳಿಯುತ್ತಿತ್ತಂತೆ. ನನಗೆ ಅದರ ಸದ್ದು ಮಾತ್ರ ಮಸುಕಾಗಿ ನೆನಪಿದೆ. ಆಮೇಲೆ ವಿಮಾನ ಬರುವುದು ನಿಂತಿತು, ಬಯಲು ಉಳಿಯಿತು.

ಆಗ ನಮ್ಮ ಮನೆ ಆ ಬಯಲಿನ ಕೆಳಗಿನ ಊರಿನಲ್ಲೇ ಇತ್ತು. ಸುತ್ತಲಿನ ಸಣ್ಣಪುಟ್ಟ ಬೆಳೆಗಾರರಿಗೆಲ್ಲ ಕಾಫಿ ಒಣಗಿಸಲು ಆ ಬಯಲಿನ ಅಂಚೇ ಕಣ. ಸಂಕ್ರಾಂತಿಯ ಆಚೀಚೆ ಅಲ್ಲಿಗೆ ಬಂದು ನೋಡಬೇಕಿತ್ತು ನೀವು. ಇಬ್ಬನಿ ಆರುವುದನ್ನೇ ಕಾಯುತ್ತಾ ಹೆಂಗಸರು ಸಾಲಾಗಿ ಕೂತಿರುತ್ತಿದ್ದರು. ಬಿಸಿಲು ಬಿದ್ದ ಕೂಡಲೇ ಟಾರ್ಪಾಲು ತೆಗೆದು, ಸಗಣಿ ಸಾರಿಸಿದ ನೆಲದ ಮೇಲೆ ಹಣ್ಣು ಹರಡುವುದು, ಆಮೇಲೆ ಬರಿಗಾಲನ್ನು ಎಳೆಯುತ್ತಾ ಅದರೊಳಗೆ ನಡೆದು ಸಾಲು ಹೊಡೆಯುವುದು. ನಮ್ಮವ್ವ ಎಳೆದ ಸಾಲು ನೇರವಾಗಿರುತ್ತಿತ್ತು, ಪಕ್ಕದವರದು ಸೊಟ್ಟಗಾದರೆ ಅವಳು ಬಿಡುತ್ತಿರಲಿಲ್ಲ. "ಕಾಫಿ ಒಣಗ್ಸದಾ, ಹಾವು ಬಿಡದಾ ಇದು?" ಎಂದು ಅಣಕಿಸುವಳು. ಅರ್ಧ ಒಣಗಿದ ಹಣ್ಣಿನ ಆ ಹುಳಿ ವಾಸನೆ, ಬಿಸಿಲಿಗೆ ಕಾದ ಟಾರ್ಪಾಲಿನ ವಾಸನೆ, ಬುತ್ತಿಯ ಉಪ್ಪಿನಕಾಯಿ. ಈಗಲೂ ಚಳಿಗಾಲದ ಬೆಳಗಿನ ಹೊತ್ತು ನನಗೆ ಆ ಬಯಲು ಬಹಳ ಬೇಕೆನಿಸುತ್ತದೆ.

ತೊಂಬತ್ತರ ದಶಕದ ನಡುವೆ ಕಾಫಿಗೆ ಕಂಡುಕೇಳರಿಯದ ರೇಟು ಬಂತು. ಸೈಕಲ್ಲು ಹೊಡೆಯಲು ಬಾರದವರೆಲ್ಲ ಜೀಪು ತಂದರು. ಓಡಿಸಲು ಕಲಿಯುವುದೆಲ್ಲಿ? ಪ್ಲೇನ್ ಬಯಲಿನಲ್ಲಿ. ಒಂದು ಕಡೆ ಕಾಫಿ, ಇನ್ನೊಂದು ಕಡೆ ಹಲ್ಲು ಕಚ್ಚಿಕೊಂಡು ಸ್ಟೇರಿಂಗು ಹಿಡಿದ ಗೌಡರುಗಳು. ನಾನೂ ಅಲ್ಲೇ ಕಲಿತೆ. ಮಟ್ಟಸ ನೆಲದಲ್ಲಿ ಕಲಿತ ನಾವೆಲ್ಲ ಮನೆಯ ಏರು ಹತ್ತಿಸಲಾಗದೆ, ಜೀಪನ್ನು ಬಯಲಲ್ಲೇ ಬಿಟ್ಟು ನಡೆದು ಹೋದದ್ದುಂಟು. ಅವ್ವ ಕಣದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಸ್ವಲ್ಪ ಕಾಲಕ್ಕೆ ನಮ್ಮ ಮನೆ ಪಾಲಾಯಿತು. ಮಲ್ಲಂದೂರು ಕಡೆಯ ತೋಟ ನನಗೆ ಬಂತು, ನಾವು ಅಲ್ಲಿಗೆ ಹೋದೆವು. ಬಯಲನ್ನು ಪಾರ್ಕು ಮಾಡುತ್ತಾರಂತೆ ಎಂಬ ಸುದ್ದಿ ಅಲ್ಲಿಗೇ ಬಂದು ಮುಟ್ಟಿತು. ಹೊಸ ಶತಮಾನದ ಮೊದಲ ವರ್ಷಗಳು ಅವು. ಹುಲ್ಲುಹಾಸು, ಕಾರಂಜಿ, ಮಕ್ಕಳಿಗೆ ಜಾರುಬಂಡೆ, ಕೆಳಗೊಂದು ಕೊಳ. ವಿಮಾನ ಇಳಿದ ನೆಲದ ಮೇಲೆ ಜನ ಕೈಬೀಸಿಕೊಂಡು ವಾಕಿಂಗ್ ಮಾಡುತ್ತಾರೆ ಅಂದಾಗ ನನಗೆ ಒಳಗೊಳಗೇ ಬೇಜಾರಾಗಿತ್ತು. ನನ್ನ ಹೆಂಡತಿ ಶೈಲಾಗೆ ಮಾತ್ರ ಹಿಗ್ಗೋ ಹಿಗ್ಗು. ಅವಳು ಬೆಳೆದದ್ದು ಕುದುರೆಮುಖದ ಗಣಿ ಕಾಲೊನಿಯಲ್ಲಿ, ಕತ್ತರಿಸಿದ ಹುಲ್ಲು, ಸಿಮೆಂಟು ಬೆಂಚುಗಳ ನಡುವೆ. ಬೆಂಚಿಲ್ಲದ ಊರಿಗೆ ಕೊಟ್ಟುಬಿಟ್ಟರು ಎಂದು ತವರಿನವರ ಮೇಲೆ ಅವಳ ತಮಾಷೆಯ ದೂರೊಂದು ಯಾವಾಗಲೂ ಇದ್ದೇ ಇತ್ತು.

ನಮಗೆ ಒಬ್ಬಳೇ ಮಗಳು, ಸಿಂಚನ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಡಾಕ್ಟರುಗಳೂ ಆದರು, ಹರಕೆಗಳೂ ಆದವು, ಇನ್ನು ಇಲ್ಲ ಎಂದು ನಾವಿಬ್ಬರೂ ಆ ಮಾತನ್ನೇ ಬಿಟ್ಟಮೇಲೆ ಹುಟ್ಟಿದವಳು. ಪಾರ್ಕು ತೆರೆದಾಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ಅವಳು ಸ್ವಲ್ಪ ಹೊತ್ತು ಕಣ್ಣಿಗೆ ಕಾಣದಿದ್ದರೆ ಶೈಲಾ ಕೆಲಸ ಬಿಟ್ಟು ಎದ್ದು ನೋಡುವಳು. ನಾನು ಗೇಲಿ ಮಾಡುತ್ತಿದ್ದೆ, ಆದರೆ ನನ್ನ ಕಿವಿಯೂ ಆ ಕಡೆಗೇ ಇರುತ್ತಿತ್ತು.

ಅವ್ವನಿಗೆ ಅದರ ಹಿಂದಿನ ವರ್ಷ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಹೋಗಿದ್ದವು. ಮಾತು ತೊದಲುತ್ತಿತ್ತು, ಅಭ್ಯಾಸವಿದ್ದವರಿಗೆ ಅರ್ಥವಾಗುತ್ತಿತ್ತು. ಕಿಟಕಿ ಪಕ್ಕದ ಮಂಚವೇ ಅವಳ ಪ್ರಪಂಚ. ನೋಡಿಕೊಳ್ಳಲು ಗಿರಿಜಕ್ಕ ಎಂಬ ನಮ್ಮ ಕಡೆಯ ಹೆಂಗಸೊಬ್ಬರು ಬರುತ್ತಿದ್ದರು. ಸಿಂಚನ ಆ ಮಂಚ ಹತ್ತಿ ಇಳಿದು ಕುಣಿಯುತ್ತಿದ್ದರೆ, ಅವ್ವ ಎಡಗೈಯಲ್ಲಿ ಅವಳ ಫ್ರಾಕು ಹಿಡಿದುಕೊಂಡಿರುತ್ತಿದ್ದಳು.

ದಸರಾ ರಜೆಯ ಒಂದು ಭಾನುವಾರ ಪಾರ್ಕಿಗೆ ಹೊರಟೆವು. ಅವ್ವನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗೋಣ ಎಂದು ಶೈಲಾ ಬಹಳ ಹೇಳಿದಳು. ಅವ್ವ ಬೇಡವೆಂದು ತಲೆ ಆಡಿಸಿಬಿಟ್ಟಳು. "ಹುಲ್ ನೋಡಕೆ ಅಷ್ಟ್ ದೂರ ಎಂತಕೆ? ನೀವ್ ಹೋಗ್ ಬನ್ನಿ" ಅಂದಳು. ನಮ್ಮ ಕಾರು ತಿರುವು ದಾಟುವವರೆಗೂ ಕಿಟಕಿಯಲ್ಲಿ ಅವಳ ಮುಖ ಕಾಣುತ್ತಿತ್ತು.

ಪಾರ್ಕು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನಮ್ಮ ಕಾಫಿ ಹರಡುತ್ತಿದ್ದ ಅಂಚಿನಲ್ಲಿ ಗುಲಾಬಿ ಸಾಲು. ಜೀಪು ಕಲಿತ ಕಡೆ ಇಟ್ಟಿಗೆ ಹಾಸಿದ ದಾರಿ. ಗೊತ್ತಿದ್ದದ್ದನ್ನೇ ನಾನು ಶೈಲಾಗೆ, ಇಲ್ಲಿ ನಮ್ಮ ಕಣ, ಅಲ್ಲಿ ಮಂಜಣ್ಣನವರ ಕಣ, ಇಲ್ಲೇ ನಾನು ಜೀಪನ್ನು ಹಲಸಿನ ಮರಕ್ಕೆ ಗುದ್ದಿದ್ದು ಎಂದು ತೋರಿಸುತ್ತಾ ನಡೆದೆ. ಅವಳು ಬೆಂಚು ಸಿಕ್ಕಿದಲ್ಲೆಲ್ಲ ಒಂದೊಂದು ಸಲ ಕೂತಳು. ಹಿಂದಿನ ದಿನ ಮಳೆ ಬಂದು ಹೋಗಿತ್ತು, ಬಿಸಿಲು ಹಿತವಾಗಿತ್ತು. ಸಿಂಚನ ನಮ್ಮ ಮುಂದೆ ಮುಂದೆ ಓಡುತ್ತಿದ್ದಳು. ಅಷ್ಟು ಅಗಲದ ನೆಲವನ್ನು ಅವಳು ಹುಟ್ಟಿದ ಮೇಲೆ ಕಂಡದ್ದೇ ಇಲ್ಲ, ಕಾಲು ಹೋದ ಕಡೆ ಓಡಿದರೂ ಬೀಳುವುದಿಲ್ಲ ಎಂಬುದೇ ಅವಳಿಗೆ ಸೋಜಿಗ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಂಜು ಬಂತು. ನಮ್ಮ ಕಡೆ ಮಂಜು ಬರುವುದಕ್ಕೆ ಹೇಳಿಕೇಳಿ ಬರುವ ಅಭ್ಯಾಸವಿಲ್ಲ. ಕಣಿವೆಯಿಂದ ಎದ್ದು, ನೋಡನೋಡುತ್ತಿದ್ದಂತೆ ಕಾರಂಜಿ ಮುಚ್ಚಿತು, ಗುಲಾಬಿ ಸಾಲು ಮುಚ್ಚಿತು, ಪಕ್ಕದ ಬೆಂಚಿನವರು ಬರೀ ದನಿಯಾದರು. ನಾನು ಸಿಂಚನಾಳ ಸ್ವೆಟರು ತೆಗೆಯಲು ಚೀಲಕ್ಕೆ ಕೈಹಾಕಿದೆ. ಶೈಲಾ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ತಲೆ ಎತ್ತಿದಾಗ ಮಗು ಇರಲಿಲ್ಲ.

ಮೊದಲು ಸುಮ್ಮನೆ ಕರೆದೆವು. ಆಮೇಲೆ ಕೂಗಿದೆವು. ಆಮೇಲೆ ಶೈಲಾ ಕೂಗಿದ ದನಿ ಇದೆಯಲ್ಲ, ಅದು ಗೇಟಿನವರೆಗೂ ಕೇಳಿಸಿರಬೇಕು. ಸುತ್ತಲಿದ್ದವರೆಲ್ಲ ಎದ್ದು ಬಂದರು. ಮಲೆನಾಡಿನ ಜನ, ಹುಡುಕಲು ಹೇಳಿಕೊಡಬೇಕಾಗಿಲ್ಲ.

ಆದರೆ ನಾವು ಹುಡುಕಿದ್ದು ಹೇಗೆ ಗೊತ್ತೇ? ನಮ್ಮ ಕಡೆ ದನ ತಪ್ಪಿಸಿಕೊಂಡರೂ ಮಗು ತಪ್ಪಿಸಿಕೊಂಡರೂ ಇಳಿಜಾರಿನಲ್ಲೇ ಹೋಗಿರುತ್ತದೆ. ಏರು ಹತ್ತುವುದಿಲ್ಲ, ಕೆಳಗೆ ಹಳ್ಳದ ಕಡೆಗೆ ಇಳಿಯುತ್ತದೆ. ಹಾಗಾಗಿ ಯಾರಾದರೂ ಕಳೆದರೆ ನಮ್ಮ ಕಾಲು ತಾನಾಗಿಯೇ ತಗ್ಗಿಗೆ ತಿರುಗುತ್ತದೆ. ಅಲ್ಲೂ ಅಷ್ಟೇ ಆಯಿತು. ಗೇಟಿನ ಬದಿಯ ಇಳಿಜಾರು, ಅದರ ಬುಡದಲ್ಲಿ ಹೊಸ ಕೊಳ. ಇದ್ದವರೆಲ್ಲ ಆ ಕಡೆಗೇ ಓಡಿದೆವು. ಇಬ್ಬರು ಪ್ಯಾಂಟು ಮಡಚಿಕೊಂಡು ಕೊಳಕ್ಕೂ ಇಳಿದರು. ನಾನು ದಡದಲ್ಲಿ ನಿಂತು ಆ ನೀರು ನೋಡಿದ್ದನ್ನು ಹೇಗೆ ಹೇಳಲಿ? ದೇವರಲ್ಲಿ ನಂಬಿಕೆಯಿಲ್ಲದವನು ಆಗ ಯಾರ ಯಾರನ್ನು ಬೇಡಿಕೊಂಡೆನೋ ನನಗೇ ತಿಳಿಯದು.

ಕಡೂರು ಕಡೆಯಿಂದ ಸಂಸಾರ ಸಮೇತ ಬಂದಿದ್ದ ದಪ್ಪನೆಯ ಮನುಷ್ಯರೊಬ್ಬರು ಮೇಲಿನಿಂದ ಕೂಗಿದರು. "ಯಾಕ್ರೀ ಎಲ್ಲಾರೂ ತಗ್ಗಿಗೇ ಓಡ್ತೀರಾ? ಮಗ ಮಟ್ಟಸ ನೆಲ ಕಂಡೈತೆ, ನೆಟ್ಟಗೆ ಹೋಗಿರ್ತೈತೆ ಕಣ್ರೀ." ಬಯಲುಸೀಮೆಯವರಿಗೆ ಹೊಳೆದದ್ದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಏರಿನತ್ತ ತಿರುಗಿದೆ. ಬಯಲಿನ ಇನ್ನೊಂದು ತುದಿ ಏನೆಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅಲ್ಲಿ ನೆಲ ಇಳಿಯುವುದಿಲ್ಲ, ಮುಗಿದುಹೋಗುತ್ತದೆ. ವಿಮಾನ ಅಲ್ಲಿಂದಲೇ ಕಣಿವೆಯ ಮೇಲೆ ಹಾರುತ್ತಿದ್ದದ್ದು. ಸುತ್ತಾಡುವಾಗ ನೋಡಿದ್ದೆ, ಅಲ್ಲಿ ಬೇಲಿಯ ಕಂಬ ನೆಟ್ಟಿದ್ದರು, ತಂತಿ ಇನ್ನೂ ಎಳೆದಿರಲಿಲ್ಲ.

ನಾನು ಹಾಗೆ ಓಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಏನೂ ಕಾಣುತ್ತಿರಲಿಲ್ಲ. ಕಾಲ ಕೆಳಗಿನ ಇಟ್ಟಿಗೆ ದಾರಿ ಮುಗಿದು ಹುಲ್ಲು ಬಂತು, ಹುಲ್ಲು ಮುಗಿದು ಒದ್ದೆ ಮಣ್ಣು ಬಂತು. ಅಷ್ಟರಲ್ಲಿ ಮಂಜಿನೊಳಗಿಂದ, ಅಳುವಲ್ಲ, ಗೊಣಗುವ ದನಿ ಕೇಳಿತು. "ಬಿಚ್ಚೂ... ಬಿಚ್ಚೂ..."

ಗಾಳಿಯ ದಿಕ್ಕು ನೋಡಲು ಬಟ್ಟೆಯ ಚೀಲ ಕಟ್ಟುತ್ತಿದ್ದ ಹಳೆಯ ಕಬ್ಬಿಣದ ಕಂಬ ಆ ತುದಿಯಲ್ಲಿತ್ತು. ನೆನಪಿಗಿರಲಿ ಎಂದು ಪಾರ್ಕಿನವರು ಅದಕ್ಕೆ ಬಣ್ಣ ಬಳಿದು ಉಳಿಸಿಕೊಂಡಿದ್ದರು. ಸಿಂಚನ ಅದರ ಬುಡದಲ್ಲಿ, ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಸೊಂಟಕ್ಕೆ ಹಳೆಯ ಸೀರೆಯ ಉದ್ದನೆಯ ತುಂಡೊಂದನ್ನು ಸುತ್ತಿ ಯಾರೋ ಕಂಬಕ್ಕೆ ಕಟ್ಟಿದ್ದರು. ಕಂಬದಾಚೆ ನಾಲ್ಕು ಹೆಜ್ಜೆ ಇಟ್ಟರೆ ನೆಲವಿಲ್ಲ. ನಾನು ಅಲ್ಲೇ ಕೂತು ಅವಳನ್ನು ತಬ್ಬಿಕೊಂಡೆ. ಹಿಂದಿನಿಂದ ಬಂದ ಶೈಲಾ ಬಿಚ್ಚಿದಳು.

ಅವಳು ಬಿಚ್ಚುವಾಗ ನಾನು ಆ ಕಟ್ಟನ್ನು ನೋಡಿದೆ. ಗಂಟು ಮಗುವಿನ ಕೈಗೆ ಎಟುಕದಂತೆ ಬೆನ್ನ ಹಿಂದೆ. ಅಲ್ಲಿಂದ ಒಂದು ಎಳೆ ಎಡ ಹೆಗಲ ಮೇಲಿನಿಂದ ಬಂದು ಮತ್ತೆ ಸೊಂಟಕ್ಕೆ. ಹಾಗೆ ಕಟ್ಟಿದರೆ ಕೆಳಗೂ ಜಾರುವುದಿಲ್ಲ, ತಲೆಯ ಮೇಲಿಂದಲೂ ತೆಗೆಯಲಾಗುವುದಿಲ್ಲ. ಕಾಫಿ ಒಣಗಿಸುವ ಕಾಲದಲ್ಲಿ ಹೆಂಗಸರು ನಡೆಯಲು ಕಲಿತ ಮಕ್ಕಳನ್ನು ಹಾಗೆಯೇ ಕಟ್ಟಿಹಾಕುತ್ತಿದ್ದರು. ಮೊದಲು ವಿಮಾನದ ಹೆದರಿಕೆಗೆ, ಆಮೇಲೆ ಜೀಪು ಕಲಿಯುವ ನಮ್ಮಂಥವರ ಹೆದರಿಕೆಗೆ. ನನ್ನನ್ನೂ ಕಟ್ಟಿದ್ದರಂತೆ. ಬಯಲಿನ ಕಣ ನಿಂತ ಮೇಲೆ ಆ ಕಟ್ಟನ್ನು ಕಟ್ಟಿದವರನ್ನು ನಾನು ಎಲ್ಲೂ ಕಂಡಿಲ್ಲ.

"ಯಾರ್ ಪುಟ್ಟಿ ಕಟ್ಟಿದ್ದು?" ಎಂದು ಶೈಲಾ ಕೇಳಿದಳು.

"ಅಜ್ಜಿ" ಅಂದಳು ಸಿಂಚನ.

ಅವಳಿಗೆ ತಲೆ ನೆರೆತವರೆಲ್ಲ ಅಜ್ಜಿಯೇ. ನಮ್ಮನೆ ಅಜ್ಜಿಯಾ ಎಂದು ಕೇಳಿದೆ, ಹೂಂ ಅಂದಳು. ಬೇರೆ ಅಜ್ಜಿಯಾ ಎಂದರೆ ಅದಕ್ಕೂ ಹೂಂ. ನಾನು ಪಾರ್ಕಿನ ಕೆಲಸದವರನ್ನು ಹುಡುಕಿಕೊಂಡು ಹೋದೆ. ಯಾರೋ ಪುಣ್ಯಾತ್ಗಿತ್ತಿ ಮಗುವನ್ನು ಹಿಡಿದು, ಕಟ್ಟಿ, ನಮ್ಮನ್ನು ಕರೆಯಲು ಹೋಗಿರಬೇಕು, ಅವಳಿಗೆ ಕೈಮುಗಿಯಬೇಕು ಎಂದೇ ನನ್ನ ಮನಸ್ಸಿನಲ್ಲಿ. ಗೇಟಿನವನು, ಭಾನುವಾರ ಗಿಡದ ಕೆಲಸದ ಹೆಂಗಸರು ಬರುವುದೇ ಇಲ್ಲ ಅಂದ. ಬಂದಿದ್ದ ಜನರಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಕೇಳಿದೆ. ಆ ಕಡೂರಿನವರ ತಾಯಿ, "ನಮ್ಗೆ ಹಂಗೆ ಕಟ್ಟಾಕೆ ಬರಾದಿಲ್ಲ ಕಣಪ್ಪ" ಅಂದರು. ಕಟ್ಟಿದ್ದು ನಾನೇ ಎಂದವರು ಒಬ್ಬರೂ ಇಲ್ಲ. ಮಗು ಉಳಿಸಿದ್ದನ್ನು ಯಾರಾದರೂ ಮುಚ್ಚಿಡುತ್ತಾರೆಯೇ?

ವಾಪಸು ಬರುವಾಗ ಕಾರಿನಲ್ಲಿ, ಅವ್ವನಿಗೆ ಈ ವಿಷಯ ಹೇಳುವುದು ಬೇಡ, ಮೊದಲೇ ನಿದ್ದೆ ಕಡಿಮೆ, ಎದೆ ಒಡೆದುಕೊಳ್ಳುತ್ತಾಳೆ ಎಂದು ಶೈಲಾ ಅಂದಳು. ನಾನು ಒಪ್ಪಿದೆ. ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿತ್ತು, ಮನೆ ಬಂದರೂ ಏಳಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದೆ.

ಅವ್ವ ಎಚ್ಚರವಾಗಿಯೇ ಇದ್ದಳು. ಎಡಗೈಯಿಂದ ತನ್ನ ಪಕ್ಕದ ಹಾಸಿಗೆಯನ್ನು ತಟ್ಟಿದಳು, ಇಲ್ಲಿ ಮಲಗಿಸು ಎಂದು. ಮಲಗಿಸಿದೆ. ಅವಳು ಮಗುವಿನ ಫ್ರಾಕಿನ ಮೇಲೆಯೇ ಸೊಂಟವನ್ನು ಮೆಲ್ಲಗೆ ಉಜ್ಜಿದಳು. ಆಮೇಲೆ ಕುತ್ತಿಗೆಯ ಹತ್ತಿರ ಫ್ರಾಕನ್ನು ಸರಿಸಿ ಎಡ ಹೆಗಲನ್ನು ಉಜ್ಜಿದಳು. ಅಲ್ಲಿ ಬಟ್ಟೆ ಒತ್ತಿದ ಕೆಂಪು ಗೆರೆಯಿತ್ತು. ನಾವೇ ಅದನ್ನು ಅಲ್ಲಿಯವರೆಗೆ ನೋಡಿರಲಿಲ್ಲ.

"ಬಿಗಿಯಾಯ್ತೇನೇ?" ಅಂದಳು ಮಲಗಿದ ಮಗುವಿಗೆ, ತೊದಲುತ್ತಾ. "ಎಂತ ಮಾಡದು ಮಾರಾಯ್ತಿ. ಎಷ್ಟ್ ಕರೆದ್ರೂ ನೀನು ನಿಲ್ಲಲೇ ಇಲ್ಲ."

ಶೈಲಾ ನನ್ನ ತೋಳನ್ನು ಹಿಡಿದುಕೊಂಡಳು. ಅಡುಗೆಮನೆಯಲ್ಲಿ ಗಿರಿಜಕ್ಕ ಹೊರಡಲು ಸಿದ್ಧವಾಗುತ್ತಿದ್ದರು. ಅವ್ವ ಹೇಗಿದ್ದಳು ಎಂದು ಆದಷ್ಟು ಸಹಜವಾಗಿ ಕೇಳಿದೆ. "ಎಂತ ತೊಂದ್ರೆ ಇಲ್ಲ ಅಣ್ಣ" ಅಂದರು ಅವರು. "ಮಧ್ಯಾಹ್ನ ಮೇಲೆ ಕಣ್ ಮುಚ್ಕಂಡೇ ಇದ್ರು. ಕಾಫಿ ತಗಂಡು ಹೋದ್ರೆ ಬೇಡ ಅಂದ್ಬಿಟ್ರು, ಈಗ ಕೈ ಬಿಡುವಿಲ್ಲ ಅಂತ. ನಂಗೆ ನಗು ಬಂತು ನೋಡಿ, ಮಲ್ಗಿದ್ದವ್ರಿಗೆ ಎಂತ ಕೈ ಕೆಲ್ಸ ಅಂತ." ಅವರು ನಗುನಗುತ್ತಲೇ ಕೊಡೆ ತೆಗೆದುಕೊಂಡು ಹೋದರು.

ಇದಿಷ್ಟು ನಡೆದದ್ದು. ಇದಕ್ಕೆ ನಾನು ಹುಡುಕದ ವಿವರಣೆಯಿಲ್ಲ. ಅವ್ವ ಹಗಲು ಕನಸು ಕಂಡಿರಬಹುದು, ನಾವು ಆ ಬಯಲಿಗೆ ಹೋಗಿದ್ದರಿಂದ ಅವಳ ತಲೆಯಲ್ಲಿ ಹಳೆಯ ಕಣ, ಹಳೆಯ ಕಟ್ಟು ಎಲ್ಲ ಬಂದಿರಬಹುದು. ಮಲಗಿದ್ದ ಸಿಂಚನಾಳಲ್ಲಿ ಅವಳಿಗೆ ಕಂಡದ್ದು ಚಿಕ್ಕಂದಿನ ನಾನೇ ಇರಬಹುದು. ಯಾರೋ ಹೆಂಗಸು ಮಗುವನ್ನು ಕಟ್ಟಿ, ಬೈಸಿಕೊಳ್ಳಬೇಕಾದೀತೆಂದು ಹೆದರಿ ಮಂಜಿನಲ್ಲಿ ಮರೆಯಾಗಿರಬಹುದು. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲವೂ ಸರಿಯೇ. ಬಯಲಿನ ಆ ಗಂಟನ್ನೂ ಅವ್ವನ ಮಾತನ್ನೂ ಒಟ್ಟಿಗೆ ಇಟ್ಟರೆ ನನ್ನ ಲೆಕ್ಕ ಕೂಡುವುದಿಲ್ಲ. ಜೀವವಿಲ್ಲದ ಆ ಬಲಗೈ ಹೊದಿಕೆಯ ಮೇಲೆ ಬಿದ್ದಿರುವುದನ್ನು ನೋಡುತ್ತಾ ಎಷ್ಟೋ ಸಂಜೆ ಅವಳ ಪಕ್ಕದಲ್ಲಿ ಕೂತಿದ್ದೇನೆ.

ಅವ್ವ ಆಮೇಲೆ ಮುಂದಿನ ಬೇಸಗೆಯಲ್ಲಿ ಕಾಫಿ ಹೂವಾಗುವವರೆಗೂ ಬದುಕಿದ್ದಳು. ಅಷ್ಟು ತಿಂಗಳಲ್ಲಿ ಯಾವ ದಿನ ಬೇಕಾದರೂ ಕೇಳಬಹುದಿತ್ತು. ಕೇಳಿ ನೋಡಿ ಎಂದು ಶೈಲಾ ಎರಡು ಸಲ ಹೇಳಿದಳು. ನಾನು ಮಂಚದ ಹತ್ತಿರ ಹೋಗಿ ಕೂರುತ್ತಿದ್ದೆ, ಹವಾ ವಿಚಾರ, ತೋಟದ ವಿಚಾರ ಮಾತಾಡಿ ಎದ್ದು ಬರುತ್ತಿದ್ದೆ. ನಂಬಿಕೆಯಿಲ್ಲದ್ದಕ್ಕೆ ಕೇಳಲಿಲ್ಲ ಎಂದುಕೊಳ್ಳಬೇಡಿ. ಕೇಳಿದರೆ, "ಎಂತ ಕಟ್ಟು? ನಂಗೆಂತ ಗೊತ್ತು?" ಅಂದುಬಿಟ್ಟರೆ ಎಂಬ ಹೆದರಿಕೆ ನನಗಿತ್ತು. ನನ್ನ ಮಗಳನ್ನು ಆ ತುದಿಯಲ್ಲಿ ಹಿಡಿದು ನಿಲ್ಲಿಸಿದ್ದು ನನ್ನ ಅವ್ವನೇ ಆಗಿರಲಿ ಎಂದು ನನಗೆ ಆಸೆ, ಇವತ್ತಿಗೂ.